ಐವತ್ತನೇ ವರ್ಷದ ಎಂಬತ್ತೈದು ಪೈಸೆ

ರಾತ್ರಿ ಊಟವಾದ ಮೇಲೆ ಕಾದಂಬರಿ ಹಿಡಿಯುವ ಹೊತ್ತಿನಲ್ಲಿ ನಾನು ಯಾವುದಾದರೂ ಅಣೆಕಟ್ಟೆಯದೋ ಹೆದ್ದಾರಿಯದೋ ಪರಿಣಾಮ ಅಧ್ಯಯನದ ವರದಿ ಓದುತ್ತಾ ಕೂರುತ್ತೇನೆ. ಮನೆಯವರಿಗೆ ಇದು ಅಭ್ಯಾಸವಾಗಿಹೋಗಿದೆ. ವರದಿ ಕೈಗೆ ಬಂದರೆ ಮೊದಲು ನೋಡುವುದು ಕೋಷ್ಟಕಗಳನ್ನು. ಎಷ್ಟು ಕುಟುಂಬ, ಎಷ್ಟು ಎಕರೆ ತರಿ, ಎಷ್ಟು ಎಕರೆ ಖುಷ್ಕಿ, ಎಷ್ಟು ತೆಂಗು, ಎಷ್ಟು ಬಾವಿ. ಆಮೇಲೆ ಸಮೀಕ್ಷೆ ನಡೆದ ತಾರೀಖು ಹುಡುಕುತ್ತೇನೆ. ಆ ದಿನ ಆ ಮನೆಯಲ್ಲಿ ಇದ್ದವರು, ಆ ದಿನ ಕಾಗದದಲ್ಲಿ ಹೆಸರಿದ್ದವರು ಲೆಕ್ಕಕ್ಕೆ ಸಿಕ್ಕಿರುತ್ತಾರೆ. ಮುಂದಿನ ಇಪ್ಪತ್ತು, ಐವತ್ತು ವರ್ಷಗಳಲ್ಲಿ ಅವರಿಗೆ ಏನಾಯಿತು ಎಂಬುದನ್ನು ಬರೆದಿಡಲು ಆ ಪುಸ್ತಕದಲ್ಲಿ ಹಾಳೆಯೇ ಇರುವುದಿಲ್ಲ. ನನ್ನ ತಕರಾರೆಲ್ಲ ಇದೊಂದೇ.

ಶರಾವತಿಯನ್ನೇ ನೋಡಿ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಪೂರ್ಣಮಟ್ಟ 1819 ಅಡಿ. ಈ ಸಂಖ್ಯೆ ಸಾಗರ ಸೀಮೆಯ ಶಾಲೆ ಮಕ್ಕಳಿಗೂ ಗೊತ್ತು. ಆಷಾಢದ ಮಳೆಯಲ್ಲಿ ಪೇಟೆಯಲ್ಲಿ ಇಬ್ಬರು ಎದುರಾದರೆ 'ಡ್ಯಾಮು ಎಷ್ಟಾಯ್ತಂತೆ?' ಎಂದೇ ಮಾತು ಶುರು. ಸುಮಾರು 151 ಟಿಎಂಸಿ ನೀರು, ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಿಂದ 1035 ಮೆಗಾವಾಟ್. ಈ ನಾಡಿನ ಕಾರ್ಖಾನೆಗಳು ನಡೆದದ್ದು, ಪೇಟೆಗಳು ಬೆಳಗಿದ್ದು ಬಹುಕಾಲ ಇದೇ ನೀರಿನಿಂದ. ಆ ಲಾಭವನ್ನು ಸಣ್ಣದು ಮಾಡಿ ಹೇಳಿದರೆ ಅನ್ಯಾಯವಾಗುತ್ತದೆ. ಆದರೆ ಲೆಕ್ಕಕ್ಕೆ ಇನ್ನೊಂದು ಬದಿಯೂ ಇರಬೇಕಲ್ಲ.

ಆ ಬದಿಯನ್ನು ಗೇಣಿಯಿಂದ ಶುರುಮಾಡಬೇಕು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕಾನೂನಿನ ಬಲ ಬಂದದ್ದು 1974ರಲ್ಲಿ. ನೀರು ಏರಿದ್ದು ಇವೆರಡರ ನಡುವೆ. ತಲೆತಲಾಂತರದಿಂದ ಗದ್ದೆ ಉಳುತ್ತಿದ್ದರೂ ಕಾಗದದಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಭೂಮಿಯ ಬೆಲೆ ಕೇಳುವ ಹಕ್ಕೇ ಇರಲಿಲ್ಲ. ಅಣೆಕಟ್ಟೆ ಹತ್ತು ವರ್ಷ ತಡವಾಗಿದ್ದರೆ ಅದೇ ಮನುಷ್ಯ ಭೂಮಾಲೀಕನಾಗಿ ಪರಿಹಾರದ ಸಾಲಿನಲ್ಲಿ ನಿಲ್ಲುತ್ತಿದ್ದ. ಇನ್ನು ಸೊಪ್ಪಿನ ಬೆಟ್ಟ, ಕಾನು, ಗೋಮಾಳ: ಇವು ಯಾರ ಖಾತೆಯಲ್ಲೂ ಇಲ್ಲ, ಆದರೆ ಇವಿಲ್ಲದೆ ಅಡಿಕೆ ತೋಟಕ್ಕೆ ಗೊಬ್ಬರವಿಲ್ಲ, ಕೊಟ್ಟಿಗೆಗೆ ಹುಲ್ಲಿಲ್ಲ. ನಿರಾಶ್ರಿತರ ಬದುಕನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಮೈಕೆಲ್ ಸೆರ್ನಿಯಾ ಎಂಟು ಅಪಾಯಗಳನ್ನು ಪಟ್ಟಿ ಮಾಡಿದ್ದಾರೆ. ಭೂಮಿ, ಮನೆ, ಕೆಲಸ ಹೋಗುವುದರ ಜೊತೆಗೆ ಊರೊಟ್ಟಿನ ಆಸ್ತಿ ಹೋಗುವುದೂ ನೆರೆಹೊರೆ ಚೆದುರುವುದೂ ಅದರಲ್ಲಿವೆ. ಮಲೆನಾಡಿನವರಿಗೆ ಇದನ್ನು ಪುಸ್ತಕ ತೆಗೆದು ಹೇಳಿಕೊಡಬೇಕಾಗಿಲ್ಲ.

ಇಲ್ಲೊಂದು ಮಾತು ನಡುವೆ ಬರುತ್ತದೆ, ಹೇಳಿಬಿಡುತ್ತೇನೆ. ಲಿಂಗನಮಕ್ಕಿಗಿಂತ ಮೊದಲೇ ಇದೇ ನದಿಗೆ ಹಿರೇಭಾಸ್ಕರ ಎಂಬ ಅಣೆಕಟ್ಟೆ ಇತ್ತು, ಮಡೆನೂರು ಡ್ಯಾಮು ಅಂತಲೂ ಕರೆಯುತ್ತಾರೆ. ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳಿಗೆ ಹೆಸರಾದ ಕಟ್ಟೆ. ಇಪ್ಪತ್ತು ವರ್ಷ ಬಾಳುವ ಮೊದಲೇ ಲಿಂಗನಮಕ್ಕಿಯ ನೀರು ಅದನ್ನೂ ಮುಳುಗಿಸಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಈಗಲೂ ಅದು ಎದ್ದು ಕಾಣುತ್ತದೆ. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಜನ ನೋಡಲು ಹೋಗುತ್ತಾರೆ. ಗಾರೆ ಕಲ್ಲು ಇನ್ನೂ ಗಟ್ಟಿ. ಆ ಭಾಗದ ಹಿರಿಯರೊಬ್ಬರು ನನಗೆ ಹೇಳಿದ್ದರು: "ನಮ್ಮ ಅಪ್ಪಯ್ಯ ಹಿರೇಭಾಸ್ಕರದ ನೀರಿಗೆ ಒಂದ್ಸಲ ಮನೆ ಕಿತ್ತರು, ಲಿಂಗನಮಕ್ಕಿ ನೀರಿಗೆ ಇನ್ನೊಂದ್ಸಲ ಕಿತ್ತರು. ಮೂರನೇ ಜಾಗದಲ್ಲಿ ಮನೆ ಕಟ್ಟಿದ್ಮೇಲೆ, ಇದು ಕಾಡಿನ ಜಾಗ ಅಂತ ನೋಟಿಸು ಬಂತು ನೋಡಿ ಮಾರಾಯ್ರೆ." ಎರಡು ಯೋಜನೆ, ಎರಡು ಕಡತ. ಒಂದೇ ಮನೆಯವರು ಎರಡರಲ್ಲೂ ಇದ್ದರೆಂದು ಯಾವ ಕಡತವನ್ನು ನೋಡಿದರೆ ತಿಳಿಯಬೇಕು?

ಆ ನೋಟಿಸಿನ ಕಥೆ ದೊಡ್ಡದು. ಮುಳುಗಡೆಯ ಎಷ್ಟೋ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಕಾಡಿನ ಜಾಗಗಳಲ್ಲಿ ಇಳಿಸಿದರು. ಆ ಜಾಗವನ್ನು ದಾಖಲೆಯಲ್ಲಿ ಕಾಡಿನಿಂದ ಬಿಡಿಸುವ ಕೆಲಸ ಮುಗಿಯಲೇ ಇಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಕೇಂದ್ರದ ಒಪ್ಪಿಗೆ ಕಡ್ಡಾಯವಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯ ಹೊರಡಿಸಿದ್ದ ಡಿನೋಟಿಫಿಕೇಷನ್ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. ಪಹಣಿ ಇಲ್ಲ ಅಂದಮೇಲೆ ಸೊಸೈಟಿಯ ಬೆಳೆಸಾಲ ಇಲ್ಲ, ಅಣ್ಣತಮ್ಮಂದಿರಿಗೆ ಪಾಲುಪಟ್ಟಿ ಇಲ್ಲ. ನಾಡಿಗಾಗಿ ಊರು ಬಿಟ್ಟುಕೊಟ್ಟವರ ಮೊಮ್ಮಕ್ಕಳನ್ನು ಒತ್ತುವರಿದಾರರೆಂದು ಕರೆಯುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ, ಬರಲೇಬೇಕು.

ಮುಳುಗದೆ ಉಳಿದವರದು ಇನ್ನೊಂದು ಪಾಡು. ನೀರು ಮೂರು ಕಡೆಯಿಂದ ಆವರಿಸಿ ಕರೂರು, ಬಾರಂಗಿ ಹೋಬಳಿಯ ಹಳ್ಳಿಗಳನ್ನು ಸಾಗರದಿಂದ ಕತ್ತರಿಸಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚು ಬಂತು. ಸಿಗಂದೂರಿಗೆ ಹೋಗುವ ಯಾತ್ರಿಕರಿಗೆ ಆ ಲಾಂಚು ಒಂದು ಸಂಭ್ರಮವಾಗಿತ್ತು. ಬಸ್ಸು ಹಿಂದಕ್ಕೆ ಹಿಂದಕ್ಕೆ ಬಂದು ಲಾಂಚು ಹತ್ತುವುದು, ಎರಡು ಜೀಪಿನ ನಡುವೆ ಸಿಕ್ಕ ಜಾಗದಲ್ಲಿ ಹಣ್ಣುಕಾಯಿ ಚೀಲ ಹಿಡಿದು ನಿಲ್ಲುವುದು, ಗಾಳಿ, ಫೋಟೊ. ಆದರೆ ಆಚೆ ದಡದ ತುಮರಿಯ ಹೆಣ್ಣುಮಗಳಿಗೆ ರಾತ್ರಿ ಹೆರಿಗೆ ನೋವು ಬಂದರೆ ಕೊನೆಯ ಲಾಂಚು ಸಂಜೆಯೇ ಹೋಗಿರುತ್ತಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡರೆ ಲಾಂಚಿನಲ್ಲಿ ವಾಹನ ಹಾಕುವುದೇ ಬಂದ್ ಆಗುತ್ತಿತ್ತು. ಕೊನೆಗೆ 400 ಕೋಟಿ ರೂಪಾಯಿಗೂ ಮೀರಿ ಖರ್ಚಾಗಿ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಇದು ಅಣೆಕಟ್ಟೆಯ ವೆಚ್ಚವೇ. ಅರವತ್ತೊಂದು ವರ್ಷ ತಡವಾಗಿ ಬೇರೆ ಇಲಾಖೆಯ, ಬೇರೆ ಬಜೆಟ್ಟಿನ ಹೆಸರಿನಲ್ಲಿ ಬಂದಿದೆ, ಅಷ್ಟೇ. ಆ ಅರವತ್ತೊಂದು ವರ್ಷ ಜನ ದಡದಲ್ಲಿ ಕಾದ ಹೊತ್ತಿಗೆ ಯಾರೂ ಬಿಲ್ಲು ಬರೆದಿಲ್ಲ. ಸೇತುವೆಗೂ ಅದರದೇ ಪರಿಣಾಮವಿದೆ: ಲಾಂಚಿಗೆ ಕಾಯುವವರನ್ನೇ ನಂಬಿ ದಡದಲ್ಲಿ ಚಹಾ, ಮಂಡಕ್ಕಿ ಮಾರುತ್ತಿದ್ದವರು ಈಗ ಎಲ್ಲಿಗೆ ಹೋಗಬೇಕು ಎಂದು ಕೇಳಿದವರು ಕಡಿಮೆ.

ಇಂಥದ್ದು ಲೆಕ್ಕದಿಂದ ಜಾರುವುದಕ್ಕೆ ಅಧಿಕಾರಿಗಳ ಮನಸ್ಸಷ್ಟೇ ಕಾರಣ ಅಂದುಕೊಳ್ಳಬೇಡಿ, ಲೆಕ್ಕದ ಕ್ರಮವೇ ಹಾಗಿದೆ. ಯೋಜನೆಯ ಲಾಭನಷ್ಟ ತೂಗುವಾಗ ಮುಂದೆ ಬರುವ ರೂಪಾಯಿಯನ್ನು ಬಡ್ಡಿ ಕಳೆದು ಇಂದಿನ ಬೆಲೆಗೆ ಇಳಿಸುತ್ತಾರೆ. ವರ್ಷಕ್ಕೆ ಶೇ 10ರ ದರ ಹಿಡಿದರೆ ಐವತ್ತನೇ ವರ್ಷದ 100 ರೂಪಾಯಿ ನಷ್ಟ ಇಂದಿನ ಪಟ್ಟಿಯಲ್ಲಿ 85 ಪೈಸೆ. ಸಾಲ ಕೊಡುವ ಬ್ಯಾಂಕಿಗೆ ಈ ಗಣಿತ ಸರಿ. ಆದರೆ 1964ರಲ್ಲಿ ಕೂತು ಹೀಗೆ ಎಣಿಸಿದ್ದರೆ, 2014ರಲ್ಲಿ ಹಕ್ಕುಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುವ ಮೊಮ್ಮಗನ ಕಷ್ಟ ಪೈಸೆಯ ಲೆಕ್ಕಕ್ಕೆ ಇಳಿಯುತ್ತಿತ್ತು. ಲಾಭ ಬೇಗ ಬರುತ್ತದೆ, ಪೂರ್ತಿ ಬೆಲೆಗೆ ನಿಲ್ಲುತ್ತದೆ. ಜನರ ನಷ್ಟ ನಿಧಾನಕ್ಕೆ ಬರುತ್ತದೆ, ಸವೆದು ಹೋಗುತ್ತದೆ.

ಕಾನೂನು ಸುಧಾರಿಸಿಲ್ಲವೆಂದಲ್ಲ. 1894ರ ಭೂಸ್ವಾಧೀನ ಕಾಯ್ದೆಯನ್ನು ತೆಗೆದು 2013ರಲ್ಲಿ ಹೊಸದನ್ನು ತಂದರು. ಅದರ ಪ್ರಕಾರ ಭೂಮಿ ಇಲ್ಲದಿದ್ದರೂ ಮೂರು ವರ್ಷದಿಂದ ಅದನ್ನೇ ನಂಬಿ ಬದುಕಿದ ಕೂಲಿಯವರು, ಗೇಣಿದಾರರು, ಕಸುಬುದಾರರು ಬಾಧಿತ ಕುಟುಂಬದಲ್ಲಿ ಸೇರುತ್ತಾರೆ. ಸಾಮಾಜಿಕ ಪರಿಣಾಮದ ವರದಿ ಊರಿನ ಭಾಷೆಯಲ್ಲಿ ಪಂಚಾಯಿತಿಗೆ ತಲುಪಬೇಕು. ಒಳ್ಳೆಯ ಮಾತು. ಆದರೆ ಅದೇ ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿ, ಪರಿಸರ ಪರಿಣಾಮದ ಅಧ್ಯಯನ ಬೇಕಾದ ನೀರಾವರಿ ಯೋಜನೆಗಳಿಗೆ ಸಾಮಾಜಿಕ ಪರಿಣಾಮದ ಅಧ್ಯಯನ ಅನ್ವಯಿಸದು ಎಂದಿದೆ. ಅತಿ ಹೆಚ್ಚು ಊರು ಮುಳುಗಿಸುವ ಯೋಜನೆಗೇ ಈ ವಿನಾಯಿತಿ! ಮೇಲಾಗಿ ಕರ್ನಾಟಕ 2019ರ ತಿದ್ದುಪಡಿಯಲ್ಲಿ ಇನ್ನೂ ಹಲವು ಬಗೆಯ ಯೋಜನೆಗಳನ್ನು ಹೊರಗಿಡುವ ಅಧಿಕಾರ ತೆಗೆದುಕೊಂಡಿತು. ಇಂಥ ತಿದ್ದುಪಡಿಗಳು ಸದನದಲ್ಲಿ ಎಷ್ಟು ಸಲೀಸಾಗಿ ದಾಟುತ್ತವೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಅದೇ ಕಾಯ್ದೆಯ 44ನೇ ಸೆಕ್ಷನ್ನಿನಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಾಲಿದೆ. ಯೋಜನೆ ಜಾರಿಯಾದ ಮೇಲೆ ಗ್ರಾಮಸಭೆಯ ಜೊತೆ ಸಮಾಲೋಚಿಸಿ ಸಾಮಾಜಿಕ ಲೆಕ್ಕಪರಿಶೋಧನೆ ಮಾಡುವ ಹೊಣೆ ಪುನರ್ವಸತಿ ಆಯುಕ್ತರದು. ಇದನ್ನು ಒಂದು ಸಲಕ್ಕೆ ಮುಗಿಸದೆ ಐದನೇ ವರ್ಷಕ್ಕೊಮ್ಮೆ, ಇಪ್ಪತ್ತನೇ ವರ್ಷಕ್ಕೊಮ್ಮೆ, ಐವತ್ತನೇ ವರ್ಷಕ್ಕೊಮ್ಮೆ, ಅದೇ ಮನೆಗಳ ಬಾಗಿಲಿಗೆ ಹೋಗಿ ಮಾಡುವಂತಾಗಬೇಕು. ಖರ್ಚು ಯೋಜನೆಯ ಆದಾಯದಿಂದಲೇ ಬರಲಿ. ಅಣೆಕಟ್ಟೆಯ ಗೇಟಿಗೆ ವರ್ಷವರ್ಷ ಬಣ್ಣ ಹಚ್ಚುವುದಕ್ಕೆ ದುಡ್ಡು ಸಿಗುತ್ತದೆ, ಇದಕ್ಕೂ ಸಿಗುತ್ತದೆ.

ಈಗ ಅದೇ ಕಣಿವೆಗೆ ಇನ್ನೊಂದು ಯೋಜನೆ ಬಂದಿದೆ: ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗಿಳಿಸುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್. 2025ರಲ್ಲಿ ಅದರ ಅಹವಾಲು ಸಭೆಗಳು ನಡೆದವು. ಸಿಂಗಳೀಕಗಳ ಕಾಡಿನ ಬಗ್ಗೆ, ಗುಡ್ಡ ಕುಸಿತದ ಬಗ್ಗೆ ಮಾತು ಬಂತು, ಬರಬೇಕಾದದ್ದೇ. ನಾನು ಕೇಳುವುದು ಅದಕ್ಕೂ ಮೊದಲಿನ ಒಂದು ಕಾಗದ. ಹಿರೇಭಾಸ್ಕರ, ಲಿಂಗನಮಕ್ಕಿ ಎರಡಕ್ಕೂ ಮನೆ ಬಿಟ್ಟ ಕುಟುಂಬಗಳ ಹೆಸರು, ಅವರನ್ನು ಇಳಿಸಿದ ಜಾಗದ ಸರ್ವೆ ನಂಬರು, ಹಕ್ಕುಪತ್ರ ಸಿಕ್ಕಿತೋ ಇಲ್ಲವೋ ಎಂಬ ಒಂದು ಕಾಲಂ. ಅದು ಕನ್ನಡದಲ್ಲಿ, ಪಂಚಾಯಿತಿ ಕಟ್ಟೆಯ ಗೋಡೆಗೆ ಅಂಟಲಿ. ಹೊಸ ವರದಿಯನ್ನು ಆಮೇಲೆ ಓದೋಣ.