ಗಿಮ್ಲಿ ಕಲಿಸಿದ ಅಳತೆಯ ಪಾಠ

ಕೆನಡಾದ ವಿನ್ನಿಪೆಗ್ ಸರೋವರದ ಪಶ್ಚಿಮ ದಡದಲ್ಲಿ ಗಿಮ್ಲಿ ಎಂಬ ಪುಟ್ಟ ಊರಿದೆ. 1875ರಲ್ಲಿ ಐಸ್‌ಲ್ಯಾಂಡಿನಿಂದ ವಲಸೆ ಬಂದವರು ಕಟ್ಟಿದ ಊರಿದು.

1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ನಡು ಆಕಾಶದಲ್ಲಿ ಬರಿದಾಗಿ, ಎರಡೂ ಎಂಜಿನ್‌ಗಳು ನಿಂತವು. ಒಳಗಿದ್ದವರು 69 ಜನ. ಕಾರಣವೇನು? ದೇಶ ಆಗ ಮೆಟ್ರಿಕ್ ಪದ್ಧತಿಗೆ ಹೊರಳುತ್ತಿತ್ತು. ಇಂಧನ ಮಾಪಕ ಕೆಟ್ಟಿದ್ದರಿಂದ ಲೆಕ್ಕ ಕೈಯಲ್ಲೇ ನಡೆಯಿತು. ಲೀಟರಿಗೆ ಸುಮಾರು 0.8 ಕಿಲೋ ಎನ್ನುವ ಬದಲು 1.77ರಿಂದ ಗುಣಿಸಿದರು. ಅದು ಪೌಂಡಿನ ಸಂಖ್ಯೆ! ಬೇಕಿದ್ದುದು 22,300 ಕಿಲೋ. ಇದ್ದುದು ಸುಮಾರು ಅಷ್ಟೇ ಪೌಂಡ್, ಅಂದರೆ ಅರ್ಧಕ್ಕೂ ಕಡಿಮೆ.

ಗ್ಲೈಡರ್ ಹಾರಿಸಿ ಪಳಗಿದ್ದ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ವಿಮಾನವನ್ನು ತೇಲಿಸುತ್ತಲೇ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಏಕಮಾನ ಬರೆಯದ ಉತ್ತರಕ್ಕೆ ಅಂಕ ಕಳೆದರೆ ಮಕ್ಕಳು ಮುನಿಯಬೇಕೇ?