ಜಾಮೀನುದಾರನ ಬಿಡಾರ

ಪರರಿಗೆ ಜಾಮೀನು ನಿಂತವನು ಮುಂದೊಂದು ದಿನ ತನ್ನ ಬಿಡಾರಕ್ಕಾಗಿ ತಾನೇ ಜಾಮೀನನ್ನು ಅರಸಬೇಕಾದೀತೆಂದು ನಾವು ಎಣಿಸಿರಲಿಲ್ಲ. ಕೊಡಗಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೆ ಮಿಕ್ಕಿ ಸಂಸ್ಕೃತಪಾಠ ಹೇಳಿ ನಿವೃತ್ತರಾದೆವು. ಕುಶಾಲನಗರದಲ್ಲಿ ನಾವಿದ್ದ ಮನೆಗೆ ಮನೆಯೊಡತಿಯ ಮಗನು ಸಂಸಾರಸಮೇತ ಮರಳುವವನಿದ್ದುದರಿಂದ, ಹಾರಂಗಿಯಲ್ಲಿ ಸಣ್ಣದೊಂದು ಮನೆಯನ್ನು ಬಾಡಿಗೆಗೆ ಹಿಡಿಯಲು ನಿಶ್ಚಯಿಸಿದೆವು. ಅಣೆಕಟ್ಟಿನ ಕಡೆಯ ಗಾಳಿ ತಂಪು; ಪೇಟೆಯ ಗದ್ದಲವಿಲ್ಲ.

ಮನೆಯ ಯಜಮಾನರು, "ಮೇಷ್ಟ್ರೇ, ನಿಮಗಲ್ಲದೆ ಇನ್ನಾರಿಗೆ ಕೊಡಲಿ?" ಎಂದರು. ಆದರೆ ಈಗಿನ ಕಾಲದಲ್ಲಿ ಯಜಮಾನರು ಊರಿನಲ್ಲಿದ್ದರೂ ಯಜಮಾನಿಕೆಯು ಬೆಂಗಳೂರಿನಲ್ಲಿರುತ್ತದೆ. ಅಲ್ಲಿಂದ ಅವರ ಚಿರಂಜೀವಿಯು ದೂರವಾಣಿಯಲ್ಲಿ ಕೇಳಿದನು: "ಸರ್, ನಿಮ್ಮ ಸಿಬಿಲ್ ಸ್ಕೋರ್ ಎಷ್ಟು?"

2000ದಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಸಾಲಗಾರರಿಗೆ 300ರಿಂದ 900ರ ವರೆಗೆ ಅಂಕ ಕೊಡುತ್ತದೆಂಬುದನ್ನು ವಾಚಕರು ಬಲ್ಲರು. ಆಜನ್ಮ ಪರರಿಗೆ ಅಂಕವಿತ್ತ ನಮಗೆ ದೊರೆತುದು ಐನೂರರ ಆಸುಪಾಸು. ಸಾಲವಾದರೋ ನಮ್ಮದಲ್ಲ. ಸಹೋದ್ಯೋಗಿಯೊಬ್ಬರು ಕಾಫಿತೋಟಕ್ಕಾಗಿ ಬ್ಯಾಂಕೊಂದರಲ್ಲಿ ಎತ್ತಿದ ಸಾಲಕ್ಕೆ ನಾವು ರುಜು ಹಾಕಿದ್ದೆವು. 2018ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಆ ತೋಟವೂ ಇಳಿದುಹೋಯಿತು, ಕಂತುಗಳು ನಿಂತವು, ನೋಟೀಸು ನಮಗೆ ಬಂದಿತು. ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಎಂದು 1872ರ ಕರಾರು ಕಾಯಿದೆಯ 128ನೆಯ ಕಲಮು ಹೇಳುತ್ತದೆ. ಕೈಯಲ್ಲಿದ್ದುದನ್ನು ಕಟ್ಟಿದೆವು, ಉಳಿದುದನ್ನು ಬ್ಯಾಂಕಿನವರು ಬಿಟ್ಟು ರಾಜಿ ಮಾಡಿಕೊಂಡರು. ಪೂರ್ತಿ ತೀರಿದ ಸಾಲವೆಂದು ಬರೆಯದೆ ರಾಜಿಯಾದ ಸಾಲವೆಂದು ಬರೆದುದರಿಂದ ಕಳಂಕವು ಉಳಿಯಿತು. ಗುಡ್ಡ ಕುಸಿದ ಸಂಗತಿಗೆ ಆ ಪತ್ರದಲ್ಲಿ ಕಲಮಿಲ್ಲ.

ಯಾಜ್ಞವಲ್ಕ್ಯಸ್ಮೃತಿಯಲ್ಲಿ ಪ್ರತಿಭೂಗಳು, ಎಂದರೆ ಜಾಮೀನುದಾರರು, ಮೂರು ಬಗೆ. ಇವನನ್ನು ಹಾಜರುಪಡಿಸುವೆನೆನ್ನುವವನು ಒಬ್ಬ. ಇವನು ನಂಬತಕ್ಕವನೆನ್ನುವವನು ಇನ್ನೊಬ್ಬ. ಇವನು ಕೊಡದಿದ್ದರೆ ನಾನೇ ಕೊಡುವೆನೆನ್ನುವವನು ಮೂರನೆಯವನು. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯೊಡನೆ ಇದನ್ನು ಓದಿದ್ದ ನಾವು, ಮೂರನೆಯ ಬಗೆಯ ಕಾಗದವನ್ನು ಎರಡನೆಯದೆಂದು ಭ್ರಮಿಸಿ ರುಜು ಹಾಕಿದೆವು! ಪಾಂಡಿತ್ಯದ ಫಲವನ್ನು ಇನ್ನೇನೆಂದು ಬಣ್ಣಿಸೋಣ?

ಚಿರಂಜೀವಿಯು ಆರು ತಿಂಗಳ ಮುಂಗಡವನ್ನಾಗಲಿ ಬೇರೊಬ್ಬರ ಜಾಮೀನನ್ನಾಗಲಿ ಕೊಡಿರೆಂದನು. ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆಂದು ಕೇಂದ್ರದವರು 2021ರಲ್ಲಿ ಮಾದರಿ ಕಾಯಿದೆಯೊಂದನ್ನು ಹೊರಡಿಸಿದ್ದಾರೆ. ಮಾದರಿಯನ್ನು ಹಿಡಿದು ವಾದಿಸಿದರೆ ಮನೆ ಸಿಕ್ಕೀತೆ? ಇನ್ನೊಬ್ಬರಿಂದ ರುಜು ಹಾಕಿಸಲು ನಮಗೆ ಮನಸ್ಸು ಬಾರದು. ಆ ರಾತ್ರಿ ಊಟವೂ ರುಚಿಸಲಿಲ್ಲ. ಅರುವತ್ತರಲ್ಲಿ ಮನೆಯಿಲ್ಲದವರಾಗುವೆವೆಂಬುದಕ್ಕಿಂತ, ನಂಬಿಕೆಯಿಲ್ಲದವರಾದೆವೆಂಬುದೇ ಹೆಚ್ಚು ನೋಯಿಸಿತು.

ನಮ್ಮ ಮನೆಯವರು ಸಂಸ್ಕೃತ ಓದಿದವರಲ್ಲ. ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ತಂದು ಮುಂದಿಟ್ಟರು. ಒಂಬತ್ತು ವರ್ಷದ ಬಾಡಿಗೆಯ ರಸೀದಿಗಳು, ಕರೆಂಟು ಬಿಲ್ಲುಗಳು, ಎಲ್ಲವೂ ದಾರ ಕಟ್ಟಿ ಇದ್ದವು. "ಅವರಿಗೆ ಬೇಕಾದುದು ಸಾಲದ ಲೆಕ್ಕವೇ? ಬಾಡಿಗೆಯ ಲೆಕ್ಕವಲ್ಲವೇ? ಎರಡನ್ನೂ ತೋರಿಸಿಬಿಡಿ," ಎಂದರು.

ಮರುದಿನ ಹಾಗೆಯೇ ಮಾಡಿದೆವು. ಅಂಕವನ್ನು ಮುಚ್ಚಿಡದೆ ಹೇಳಿ, ಬ್ಯಾಂಕಿನ ರಾಜಿಪತ್ರವನ್ನೂ ಪಿಂಚಣಿಯ ಪಾಸುಪುಸ್ತಕವನ್ನೂ ಡಬ್ಬವನ್ನೂ ಯಜಮಾನರ ಜಗಲಿಯ ಮೇಲಿಟ್ಟೆವು. ಅವರು ಸಂಕೋಚದಿಂದ ಕೈಯಿಕ್ಕಲಿಲ್ಲ. ಅವರ ಮಡದಿ ಒಂದೊಂದನ್ನೂ ತಿರುವಿ ನೋಡಿದರು. ಹಳೆಯ ಮನೆಯೊಡತಿಯು ತಾನಾಗಿಯೇ ದೂರವಾಣಿಯಲ್ಲಿ, "ಮೇಷ್ಟ್ರು ಒಂದು ತಿಂಗಳೂ ಐದನೆಯ ತಾರೀಖು ದಾಟಿಸಿದವರಲ್ಲ," ಎಂದರಂತೆ. ಇದು ಎರಡನೆಯ ಬಗೆಯ ಪ್ರತಿಭೂತ್ವ. ಇದಕ್ಕೆ ರುಜುವಿನ ಹಂಗಿಲ್ಲ.

ಕಡೆಗೆ ಮೂರು ತಿಂಗಳ ಮುಂಗಡಕ್ಕೆ ಒಪ್ಪಿಗೆಯಾಯಿತು. ಎರಡು ಈಗ, ಒಂದು ದೀಪಾವಳಿಗೆ. ಕರಾರು ಹನ್ನೊಂದು ತಿಂಗಳದು. ಹನ್ನೊಂದು ಶುಭಸಂಖ್ಯೆಯೆಂದು ಬಗೆದವರುಂಟು. ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಾಯಿಸಬೇಕೆಂಬ 1908ರ ಕಾಯಿದೆಯೇ ಅದರ ಗುಟ್ಟು.

ಹಾಲುಕ್ಕಿಸಿದ ದಿನ ಆ ಸಹೋದ್ಯೋಗಿಗಳೂ ಬಂದರು. ತುಂಬ ಇಳಿದುಹೋಗಿದ್ದರು. ಒಂದು ಚಿಪ್ಪು ಬಾಳೆಹಣ್ಣನ್ನೂ ಲಕೋಟೆಯೊಂದನ್ನೂ ಮುಂದಿಟ್ಟು ತಲೆತಗ್ಗಿಸಿ ಕುಳಿತರು. ಲಕೋಟೆಯಲ್ಲಿ ಎರಡು ಸಾವಿರ ರೂಪಾಯಿಗಳಿದ್ದವು. ಬೇಡವೆನ್ನಲು ನಾವು ಬಾಯ್ದೆರೆಯುವಷ್ಟರಲ್ಲಿ ನಮ್ಮ ಮನೆಯವರು ಅದನ್ನು ತೆಗೆದುಕೊಂಡು, ಎಣಿಸಿ, ತಾರೀಖು ಹಾಕಿ ರಸೀದಿ ಬರೆದು ಕೊಟ್ಟರು. ಅವರು ಅದನ್ನು ಎರಡು ಬಾರಿ ಓದಿಕೊಂಡು, ಮಡಚಿ, ಅಂಗಿಯ ಒಳಜೇಬಿನಲ್ಲಿಟ್ಟರು. ಆಮೇಲೆ ಕಾಫಿ ಕುಡಿದರು.