ನಿಲ್ಲಿಸೋ ಗುಂಡಿ ಯಾರ ಕೈಲಿರಬೇಕು?

ಲೈವ್ ಶುರು ಮಾಡೋದು ಈಗ ದೊಡ್ಡ ವಿದ್ಯೆಯೇನಲ್ಲ ಬಿಡಿ. ಒಂದು ಲ್ಯಾಪ್‌ಟಾಪು, ಒಂದು ಕ್ಯಾಮೆರಾ, ಸುಮಾರಾದ ನೆಟ್ಟು, ಪುಕ್ಕಟೆ ಸಿಗೋ ಓಬಿಎಸ್ ಸ್ಟುಡಿಯೋ... ಇಷ್ಟಿದ್ದರೆ ಮನೆಯ ಸತ್ಯನಾರಾಯಣ ಪೂಜೆಯೂ ಯೂಟ್ಯೂಬಿಗೇರುತ್ತದೆ. ಕಷ್ಟ ಇರೋದು ನಿಲ್ಲಿಸೋದರಲ್ಲಿ. ಅದೂ ಕ್ಯಾಮೆರಾ ಒಂದೂರಲ್ಲಿ, ನಾವು ಇನ್ನೊಂದೂರಲ್ಲಿ ಇದ್ದಾಗ!

ಓಬಿಎಸ್‌ನ ಹೊಟ್ಟೆಯೊಳಗೊಂದು ವೆಬ್‌ಸಾಕೆಟ್ ಸರ್ವರ್ ಇದೆ. ಮೊದಲು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು, 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಜೊತೆಗೇ ಬರುತ್ತದೆ. ಟೂಲ್ಸ್ ಮೆನುವಿನಲ್ಲಿ ಆನ್ ಮಾಡಿ ಪಾಸ್‌ವರ್ಡ್ ಇಟ್ಟರೆ 4455ನೇ ಪೋರ್ಟಿನಲ್ಲಿ ಕಿವಿ ತೆರೆದು ಕೂರುತ್ತದೆ. ಫೋನಿನಿಂದ 'ದೃಶ್ಯ ಬದಲಿಸು', 'ಲೈವ್ ನಿಲ್ಲಿಸು' ಅಂತ ಚೀಟಿ ಕಳಿಸಿದರೆ ಹೇಳಿದಂತೆ ಕೇಳುತ್ತದೆ. ಆದರೆ ಆ ಪೋರ್ಟನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ ಮಾರಾಯ್ರೆ, ನಡುವೆ ಒಂದು ವಿಪಿಎನ್ ಇರಲಿ.

ಚಿಕ್ಕಪ್ಪನ ಮಗಳ ಮದುವೆ ಸಾಗರದಲ್ಲಿ. ನನಗೆ ರಜೆ ಇಲ್ಲ. ಹಾಗಾಗಿ ದೊಡ್ಡನೆಕ್ಕುಂದಿಯ ರೂಮಲ್ಲಿ ಕೂತು, 300 ಕಿ.ಮೀ.ಗೂ ಆಚೆಯ ಮದುವೆಯ ಲೈವ್ ನಡೆಸಿದೆ. ಧಾರೆ, ಸಪ್ತಪದಿ ಎಲ್ಲ ಸಲೀಸು. ಕೊನೆಗೆ ಹೆಣ್ಣೊಪ್ಪಿಸುವ ಹೊತ್ತು. ಯಾವತ್ತೂ ಗಟ್ಟಿ ಮನುಷ್ಯನಾದ ಚಿಕ್ಕಪ್ಪ ಕಂಬಕ್ಕೊರಗಿ ಬಿಕ್ಕಿ ಬಿಕ್ಕಿ ಅಳತೊಡಗಿದ. ಕ್ಯಾಮೆರಾ ಹುಡುಗ ಝೂಮ್ ಬೇರೆ ಮಾಡಿದ! ಚಪ್ಪರದಲ್ಲಿದ್ದವರಿಗೆ ಅದು ಮನೆಯ ಅಳು. ಲಿಂಕ್ ಸಿಕ್ಕ ಅಪರಿಚಿತರಿಗೆ?

ಲೈವ್ ನಿಲ್ಲಿಸಿದೆ. ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಓಬಿಎಸ್‌ಗೆ ಅವೆರಡೂ ಬೇರೆ ಬೇರೆ ಆಜ್ಞೆ, ಒಂದು ನಿಂತರೂ ಇನ್ನೊಂದು ಓಡುತ್ತಲೇ ಇರುತ್ತದೆ. ಆ ಅಳು ಈಗ ಚಿಕ್ಕಪ್ಪನ ಮನೆಯ ಹಾರ್ಡ್‌ಡಿಸ್ಕಿನಲ್ಲಿದೆ, ಲೋಕದ ಕೈಯಲ್ಲಿಲ್ಲ. ಅಮೆರಿಕದ ಅತ್ತೆ ಫೋನ್ ಮಾಡಿ "ಏನೋ, ಕಟ್ಟಾಯ್ತಲ್ಲ?" ಅಂದರು. "ನೆಟ್ಟು ಹೋಯ್ತು ಅತ್ತೆ" ಅಂದೆ :-)

ಆದರೂ ಒಂದು ಪ್ರಶ್ನೆ ಉಳಿಯಿತು. ಅಳುತ್ತಿದ್ದವರು ಅಲ್ಲಿ, ನಿರ್ಧರಿಸಿದವನು ಇಲ್ಲಿ. ಇದು ಸರೀನಾ?

ನ್ಯಾಯಾಲಯಗಳು ಇದನ್ನು ಮೊದಲೇ ಯೋಚಿಸಿವೆ. ಸುಪ್ರೀಂ ಕೋರ್ಟಿನ ಇ-ಸಮಿತಿ 2021ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲಿ, ಪ್ರಸಾರ ನಿಲ್ಲಿಸುವ ರಿಮೋಟನ್ನು ಪೀಠದಲ್ಲಿ ಕೂತ ನ್ಯಾಯಾಧೀಶರಿಗೇ ಕೊಡಬೇಕು ಅಂತಿದೆ. ಮೇಲಿಂದ ಹತ್ತು ನಿಮಿಷದ ವಿಳಂಬ. ನಮ್ಮ ಹೈಕೋರ್ಟಿನ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದವು. 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ವಿಡಿಯೋ ಕಲಾಪದೊಳಗೆ ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದಾಗ, ವಿಡಿಯೋ ಕಾನ್ಫರೆನ್ಸನ್ನೂ ನೇರಪ್ರಸಾರವನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ಒಳಗೆ ಬರೋ ಬಾಗಿಲಿಗೂ ಕಾವಲು ಬೇಕು ಅಂತಾಯ್ತು.

ನಾನೀಗ ಸಣ್ಣದೊಂದು ಪುಟ ಬರೆದಿದ್ದೇನೆ. ಅದರಲ್ಲಿ ಒಂದೇ ಗುಂಡಿ, ನಿಲ್ಲಿಸೋದು ಮಾತ್ರ. ಒತ್ತಿದ ತಕ್ಷಣ ಅದರ ಬಣ್ಣ ಬದಲಾಗೋದಿಲ್ಲ. ಲೈವ್ ನಿಂತಿತು ಅಂತ ಓಬಿಎಸ್ಸೇ ಸುದ್ದಿ ಕಳಿಸಿದ ಮೇಲೆ ಬದಲಾಗುತ್ತದೆ. ಒತ್ತಿದ್ದೇ ನಿಂತಿದ್ದು ಅಂದುಕೊಳ್ಳೋ ಹಾಗಿಲ್ಲವಲ್ಲ. ಒಂದೇ ಓಬಿಎಸ್‌ಗೆ ಹಲವು ಫೋನುಗಳು ಕೂಡಿಕೊಳ್ಳಬಹುದಾದ್ದರಿಂದ, ಮುಂದಿನ ಸಲ ಈ ಗುಂಡಿ ಮನೆಯ ಹಿರಿಯರೊಬ್ಬರ ಫೋನಿನಲ್ಲೂ ಇರುತ್ತದೆ. ಶುರು ಮಾಡೋಕೆ ಎಂಜಿನಿಯರ್ ಬೇಕಾಗಬಹುದು. ಸಾಕು ಅನ್ನೋಕೆ ಆ ಚಪ್ಪರದಲ್ಲಿ ನಿಂತವರೇ ಬೇಕು.

ಏನಂತೀರಿ?